ಸ್ಪ್ಯಾನರಿನ ತಪ್ಪು ನನ್ನ ಕೈ ಮೇಲೆ

“ನಿಮ್ಮ ಕೈಗೆ ಇದು ಸಾಕು ಬುಡಿ ಅತ್ತಿಗೆ” ಎಂದು ನನ್ನ ಮೈದುನ ಒಂದು ತಗಡಿನ ಪೆಟ್ಟಿಗೆಯನ್ನು ನಮ್ಮ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಇಟ್ಟುಹೋದ. ಆ ಮಾತು ನೆನಪಾದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ವಯಸ್ಸಾದ ಮೇಲೆ ಸಿಟ್ಟು ತಣಿಯುತ್ತದೆ ಎನ್ನುತ್ತಾರೆ. ನನ್ನದು ತಣಿದಿಲ್ಲ. ತಣಿಸಿಕೊಳ್ಳಬೇಕು ಎಂದು ನನಗೆ ಅನ್ನಿಸಿಯೂ ಇಲ್ಲ.

ನಾನು ಹುಟ್ಟಿದ್ದು ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರಲ್ಲಿ. ಹೈಸ್ಕೂಲಿನ ತನಕ ಕನ್ನಡದಲ್ಲಿ ಓದಿದೆ, ಮದುವೆಯಾಗಿ ವಯನಾಡಿನ ಮುಳ್ಳನ್‌ಕೊಲ್ಲಿಗೆ ಬಂದೆ. ಗಂಡನ ಮನೆಯವರು ಯಾವ ಕಾಲದಲ್ಲೋ ಕರ್ನಾಟಕದ ಕಡೆಯಿಂದ ಬಂದು ನೆಲೆ ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಇತ್ತು. ಆದರೆ ನನ್ನ ಗಂಡನ ಜೀವವೆಲ್ಲ ಸೈಕಲ್ ಮೇಲೆ. ರಸ್ತೆ ಕವಲೊಡೆಯುವಲ್ಲಿ ಒಂದು ಅಂಗಡಿ ಹಾಕಿಕೊಂಡಿದ್ದರು. ಬಾಡಿಗೆಗೆ ಕೊಡುವ ಒಂದಷ್ಟು ಸೈಕಲ್, ಒಂದು ಕಡೆ ರಿಪೇರಿ, ಗೋಡೆಯಲ್ಲಿ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ ಸಾಮಾನು.

ವಯನಾಡು ಬೇರೆ ಜಿಲ್ಲೆಯಾಗಿ ಆಗಿನ್ನೂ ಹೊಸತು. ಅಳೆಯುವವರು, ಬರೆಯುವವರು, ಲಸಿಕೆ ಹಾಕುವವರು ಎಂದು ದಿನಕ್ಕೊಬ್ಬ ಹೊಸ ನೌಕರ ವರ್ಗವಾಗಿ ಬರುತ್ತಿದ್ದ. ಎಲ್ಲರಿಗೂ ಸೈಕಲ್ ಬೇಕು. ರಸ್ತೆಯೋ, ಜಲ್ಲಿ ಸುರಿದು ಬಿಟ್ಟ ರಸ್ತೆ. ಬೆಳಿಗ್ಗೆ ಕೊಟ್ಟ ಸೈಕಲ್ ಸಂಜೆ ಕುಂಟಿಕೊಂಡು ವಾಪಸ್ ಬರುತ್ತಿತ್ತು. ಕೆಲಸಕ್ಕೇನೂ ಕಡಿಮೆಯಿರಲಿಲ್ಲ.

ನನ್ನ ಗಂಡನ ಸಾಮಾನುಗಳ ಬಗ್ಗೆ ಹೇಳಲೇಬೇಕು. ಅವರು ಮೈಸೂರಿಗೆ ಹೋದಾಗೆಲ್ಲ ಒಂದೊಂದೇ ತಂದು ಕೂಡಿಸಿದವು. ಒಂದಕ್ಕೂ ಹೊಳಪಿರಲಿಲ್ಲ. ಕಪ್ಪಗೆ, ಮಂಕಾಗಿ, ಕೈಗೆ ಎತ್ತಿದರೆ ಭಾರವಾಗಿ ಕೂರುವಂಥವು. ಉಕ್ಕನ್ನು ಕಾಯಿಸಿ ಬಡಿದು ಮಾಡಿದ ಸ್ಪ್ಯಾನರುಗಳು. ನಟ್ಟಿಗೆ ಹಾಕಿದರೆ ಕಚ್ಚಿ ಹಿಡಿದ ಹಾಗೆ ಕೂರುತ್ತಿದ್ದವು, ಆಚೀಚೆ ಅಲ್ಲಾಡುತ್ತಿರಲಿಲ್ಲ. ಸಂಜೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮೊಳೆಗೆ ಹಾಕುವುದು ಅವರ ಕ್ರಮ. ಮಧ್ಯಾಹ್ನ ಊಟ ತೆಗೆದುಕೊಂಡು ಹೋಗುತ್ತಿದ್ದ ನಾನು ಅಲ್ಲೇ ಕೂತು ಮೊದಮೊದಲು ಸಾಮಾನು ಎತ್ತಿಕೊಟ್ಟೆ. ಆಮೇಲೆ ಪಂಚರ್ ಹಾಕತೊಡಗಿದೆ. ತೋಟದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಚಕ್ರದ ನಡುವಿನ ಗುಂಬ ಬಿಚ್ಚಿ, ಒಳಗಿನ ಗುಂಡುಗಳನ್ನು ತೊಳೆದು, ಗ್ರೀಸ್ ಹಾಕಿ ಮತ್ತೆ ಕೂರಿಸುವ ತನಕ ಬಂದೆ. ಅವರು ಬೇಡ ಅನ್ನಲಿಲ್ಲ. ಯಾರಾದರೂ ಗಿರಾಕಿ ಬಂದರೆ ಮಾತ್ರ “ಅಲ್ಲಿಡು” ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಆಗ ಅದು ನನಗೆ ಅರ್ಥವಾಗಿರಲಿಲ್ಲ.

ಒಂದು ಮೆಣಸು ಕೊಯ್ಲಿನಲ್ಲಿ ಅವರು ಬಿದಿರೇಣಿಯಿಂದ ಬಿದ್ದರು. ಸೊಂಟದ ಮೂಳೆ ಹೋಯಿತು. ಕೋಳಿಕ್ಕೋಡಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿಸಿದರು. ನಾನು ನೆಲದ ಮೇಲೆ ಚಾಪೆ ಹಾಸಿಕೊಂಡು ಪಕ್ಕದಲ್ಲೇ ಇದ್ದೆ. ಮನೆಗೆ ಬಂದ ಮೇಲೂ ಕುಕ್ಕರಗಾಲಲ್ಲಿ ಕೂರಲಾಗದು, ಬಗ್ಗಲಾಗದು, ಭಾರ ಎಳೆಯಲಾಗದು. ಬೆಂಚಿನ ಮೇಲೆ ದಿಂಬು ಹಾಕಿಕೊಂಡು ಕೂರಬಹುದು, ಅಷ್ಟೆ.

“ಅಂಗಡಿ ನಾನು ತೆಗೀತೀನಿ” ಎಂದೆ.

ಅವರು ಸುಮ್ಮನಿದ್ದರು. ಆ ಸುಮ್ಮನಿರುವಿಕೆಯನ್ನು ನಾನು ಒಪ್ಪಿಗೆ ಎಂದುಕೊಂಡೆ.

ಬಾಗಿಲು ತೆಗೆದರೆ ಗೋಡೆಯಲ್ಲಿ ಮೊಳೆಗಳು ಮಾತ್ರ ಇದ್ದವು. ಸ್ಪ್ಯಾನರಿಲ್ಲ, ಚಕ್ರದ ಕಡ್ಡಿ ಬಿಗಿ ಮಾಡುವ ಚಾವಿಯಿಲ್ಲ, ಇಕ್ಕಳವಿಲ್ಲ. ಕಳ್ಳರು ಹೊಕ್ಕರೆಂದೇ ತಿಳಿದು ನಾನು ಮನೆಗೆ ಓಡಿದೆ.

“ಕಳ್ಳರಲ್ಲ” ಎಂದರು ಗಂಡ, ಗೋಡೆ ನೋಡಿಕೊಂಡು. “ತಮ್ಮ ತಕ್ಕೊಂಡೋದ. ಪುಲ್ಪಳ್ಳಿಲಿ ಅವನಿಗೆ ಕೆಲ್ಸ ಜಾಸ್ತಿ ಅದೆ. ಇಲ್ಲಿ ಸುಮ್ನೆ ತುಕ್ಕು ಹಿಡಿತಾವಲ್ಲ ಅಂದ.”

“ನೀವು ಕೊಟ್ರಾ?”

“ಕೊಂಡೋಗ್ಲಿ ಬುಡು. ಮಾಡೋರ ಕೈಲಿರ್ಲಿ.”

“ಮಾಡೋಳು ಇಲ್ಲಿ ನಿಂತಿದ್ದೀನಲ್ಲ!”

ಅದಕ್ಕೆ ಅವರು ನೀರು ಕೇಳಿದರು. ಕೊಟ್ಟೆ.

ಮೈದುನನಿಗೆ ಪಕ್ಕದೂರು ಪುಲ್ಪಳ್ಳಿಯಲ್ಲಿ ಅವನದೇ ಅಂಗಡಿಯಿತ್ತು. ಅಣ್ಣನ ಹತ್ತಿರವೇ ಕೆಲಸ ಕಲಿತವನು. ನಾನು ಅಂಗಡಿ ತೆಗೆಯುವುದು ಖಂಡಿತ ಎಂದು ಗೊತ್ತಾದ ಮೇಲೆ ಅವನು ಆ ತಗಡಿನ ಪೆಟ್ಟಿಗೆ ತಂದದ್ದು. ಮುಚ್ಚಳ ತೆಗೆದರೆ ಒಳಗೆ ಎಲ್ಲವೂ ಥಳಥಳ. ದೊಡ್ಡದರಿಂದ ಚಿಕ್ಕದರವರೆಗೆ ಸ್ಪ್ಯಾನರುಗಳು, ಒಂದು ಇಕ್ಕಳ, ಒಂದು ಸುತ್ತಿಗೆ, ಕೆಂಪು ಹಿಡಿಯ ಸ್ಕ್ರೂಡ್ರೈವರ್. ಮದುವೆಯಲ್ಲಿ ಉಡುಗೊರೆ ಕೊಡುವ ಚಮಚದ ಸೆಟ್ಟಿನ ಹಾಗೆ ಬಟ್ಟೆಯ ಹಾಸಿನಲ್ಲಿ ಮಲಗಿಸಿದ್ದರು.

ನಾನು ಒಂದನ್ನು ಎತ್ತಿ ನೋಡಿದೆ. ಹಗುರ. ಬಾಯಿಯ ಒಳಗಡೆ ಉಜ್ಜಿರಲಿಲ್ಲ, ಎರಕದ ಗುಳ್ಳೆ ಹಾಗೇ ಇತ್ತು.

“ಇದು ಬೀಡು ಕಬ್ಣ. ಮೇಲೆ ಬರೀ ಹೊಳಪಿನ ನೀರು ಕುಡಿಸವ್ರೆ” ಎಂದೆ. “ನಿಮ್ಮಣ್ಣನ ಸಾಮಾನು ಎಲ್ಲಿ?”

“ಅವು ಹೆವಿ ಅತ್ತಿಗೆ, ಗಂಡಸರಿಗೇ ಕೈ ನೋಯ್ತದೆ. ನೀವೇನು ದಿವ್ಸ ಪೂರ್ತಿ ಕೆಲ್ಸ ಮಾಡ್ತೀರಾ? ಒಂದು ಪಂಚರ್, ಒಂದು ಚೈನು. ನಿಮ್ಮ ಕೈಗೆ ಇದು ಸಾಕು ಬುಡಿ.”

ನನ್ನ ಜೊತೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದ ನನ್ನ ಗಂಡ ಆ ಪೆಟ್ಟಿಗೆಯತ್ತ ಒಮ್ಮೆ ನೋಡಿದರು. ಅವರಿಗೆ ಗೊತ್ತಾಗದೇ ಇರಲು ಸಾಧ್ಯವೇ? ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಸ್ಪ್ಯಾನರ್ ಎಂಥದ್ದೆಂದು ಹೇಳುತ್ತಿದ್ದ ಮನುಷ್ಯ. ಒಂದು ಮಾತೂ ಆಡಲಿಲ್ಲ.

ಬೇರೆ ದಾರಿಯಿಲ್ಲದೆ ಅದರಲ್ಲೇ ಕೆಲಸ ಶುರು ಮಾಡಿದೆ. ಕೆಟ್ಟ ಸ್ಪ್ಯಾನರಿನಲ್ಲಿ ಕೆಲಸ ಮಾಡದವರಿಗೆ ಅದರ ಹಿಂಸೆ ತಿಳಿಯುವುದಿಲ್ಲ. ನಟ್ಟಿಗೆ ಹಾಕಿ ಎಳೆದರೆ ಅದರ ಬಾಯಿ ಸ್ವಲ್ಪ ಅಗಲವಾಗುತ್ತದೆ. ಸರಕ್ಕನೆ ಜಾರುತ್ತದೆ. ಜಾರಿದ ಕೈ ಹೋಗಿ ಕಡ್ಡಿಗಳಿಗೋ ಚೈನಿಗೋ ಬಡಿಯುತ್ತದೆ. ಬೆರಳ ಗೆಣ್ಣಿನ ಚರ್ಮ ಕಿತ್ತುಬರುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಜಾರುವಾಗ ಅದು ನಟ್ಟಿನ ಮೂಲೆಗಳನ್ನೂ ಸವೆಸುತ್ತದೆ. ಮೂಲೆ ಸವೆದ ನಟ್ಟನ್ನು ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಅಂದರೆ ನಮ್ಮ ಸಾಮಾನು ಕೆಡುವುದರ ಜೊತೆಗೆ ಊರವರ ಸೈಕಲ್ಲೂ ಕೆಡುತ್ತದೆ. ಹೊಸ ನಟ್ಟು ನಾನೇ ಹಾಕಿ ಕೊಡುತ್ತಿದ್ದೆ. ಕೈಗೆ ಅರಿಶಿನ ಮೆತ್ತಿಕೊಂಡು ಮತ್ತೆ ಕೂರುತ್ತಿದ್ದೆ.

ಆದರೆ ನನಗೆ ಕೆಂಡದಂಥ ಕೋಪ ಬಂದದ್ದು ಗಾಯಕ್ಕಲ್ಲ. ಸ್ಪ್ಯಾನರ್ ಜಾರಿದಾಗ ನಿಂತು ನೋಡುತ್ತಿದ್ದವರು ಸ್ಪ್ಯಾನರನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. “ಬಲ ಸಾಲ್ದು ಚೇಚಿ” ಎನ್ನುತ್ತಿದ್ದರು. ಅಕ್ಕ ಎನ್ನುವ ಬದಲು ಅಲ್ಲಿಯವರು ಚೇಚಿ ಎನ್ನುವುದು. ಬಾಯಿ ತುಂಬ ಚೇಚಿ, ಕಣ್ಣ ತುಂಬ ಕನಿಕರ. ಒಬ್ಬರಾದರೂ “ಆ ಸಾಮಾನು ಸರಿಯಿಲ್ಲ” ಎಂದವರಿಲ್ಲ. ಗಂಡಸಿನ ಕೈಯಲ್ಲಿ ಸ್ಪ್ಯಾನರ್ ಜಾರಿದರೆ ಸ್ಪ್ಯಾನರಿಗೆ ಬೈಗುಳ. ನನ್ನ ಕೈಯಲ್ಲಿ ಜಾರಿದರೆ ಹೆಣ್ಣಿನ ಜಾತಿಗೇ ಬೈಗುಳ.

ಗಿರಾಕಿಗಳು ಕಡಿಮೆಯಾದರು. ಸೈಕಲ್ ತಳ್ಳಿಕೊಂಡೇ ಪುಲ್ಪಳ್ಳಿಗೆ ಹೋಗುವವರನ್ನು ಅಂಗಡಿಯಲ್ಲಿ ಕೂತು ನೋಡಿದೆ. ಎಲ್ಲಿಗೆ? ಮೈದುನನ ಅಂಗಡಿಗೆ. ಅಲ್ಲಿ ಅವರ ನಟ್ಟು ಬಿಗಿಯಾಗುತ್ತಿದ್ದುದು ನನ್ನ ಗಂಡ ಮೈಸೂರಿಂದ ತಂದ ಸ್ಪ್ಯಾನರಿನಲ್ಲಿ.

ಅಷ್ಟರಲ್ಲಿ ಹಾಲಿನವನ ಗಲಾಟೆ ಆಯಿತು. ಮನೆಮನೆಯಿಂದ ಹಾಲು ಎತ್ತಿ ಸೊಸೈಟಿಗೆ ಒಯ್ಯುತ್ತಿದ್ದವನು ಅವನು. ಸೈಕಲ್ಲಿನ ಎರಡೂ ಕಡೆ ಕ್ಯಾನು ನೇತಾಡುತ್ತಿದ್ದವು. ಹಿಂದಿನ ಚಕ್ರ ಪಂಚರ್ ಆಗಿ ಬಂದ. ಪಂಚರ್ ಹಾಕಿ ಚಕ್ರ ಕೂರಿಸಿದೆ. ಕೊನೆಯಲ್ಲಿ ನಟ್ಟು ಬಿಗಿ ಮಾಡುವಾಗ ಸ್ಪ್ಯಾನರಿನ ಬಾಯಿ ಪೂರ್ತಿ ತೆರೆದುಕೊಂಡಿತು. ಎಷ್ಟು ಎಳೆದರೂ ಸುಮ್ಮನೆ ಸುತ್ತುತ್ತಿತ್ತು.

“ಇದು ಸರಿಯಾಗಿ ಬಿಗಿಯಾಗಿಲ್ಲ. ಹತ್ತಬೇಡಿ. ಪುಲ್ಪಳ್ಳಿ ತನಕ ತಳ್ಳಿಕೊಂಡು ಹೋಗಿ, ಅಲ್ಲಿ ಬಿಗಿ ಮಾಡಿಸಿ” ಎಂದು ನಾನು ಬಿಡಿಸಿ ಹೇಳಿದೆ. ಅಕ್ಕಪಕ್ಕದವರೂ ಕೇಳಿಸಿಕೊಂಡರು. ಅವನು ಆಗಲಿ ಎಂದು ತಲೆಯಾಡಿಸಿ, ತಿರುವು ದಾಟಿದ ಮೇಲೆ ಹತ್ತಿದ. ಇಳಿಜಾರಿನಲ್ಲಿ ಚಕ್ರ ಓರೆಯಾಗಿ ಫ್ರೇಮಿಗೆ ಸಿಕ್ಕಿಕೊಂಡಿತು. ಮನುಷ್ಯ ಒಂದು ಕಡೆ, ಕ್ಯಾನು ಒಂದು ಕಡೆ. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಾಲೆಲ್ಲ ರಸ್ತೆ ಪಾಲು.

ಅವನು ವಾಪಸ್ ಬಂದು ಅಂಗಡಿಯೆದುರು ನಿಂತು ಕೂಗಾಡಿದ. ನನಗೆ ಬೈಯಲಿಲ್ಲ, ನನ್ನ ಗಂಡನಿಗೆ ಬೈದ.

“ಹೆಂಗಸಿನ ಕೈಲಿ ನಟ್ಟು ಬಿಗಿ ಮಾಡಿಸ್ತೀಯಲ್ಲಯ್ಯಾ, ನಾಚಿಕೆ ಆಗಕ್ಕಿಲ್ವಾ ನಿನಗೆ? ನಾನು ಸತ್ತೋಗಿದ್ರೆ?”

“ಹತ್ತಬೇಡ ಅಂದಿರ್ಲಿಲ್ವಾ ನಾನು?” ಎಂದೆ.

ನನ್ನ ಕಡೆ ತಿರುಗಿಯೂ ನೋಡಲಿಲ್ಲ ಅವನು. ನನ್ನ ಗಂಡ ತಲೆ ತಗ್ಗಿಸಿ, “ಆಯ್ತು, ಆಯ್ತು, ಇನ್ನು ಹಾಗಾಗಲ್ಲ, ಅಂಗಡಿ ಮುಚ್ಚಿಬುಡ್ತೀವಿ” ಎಂದರು.

ಮುಚ್ಚುತ್ತೇವೆ! ಯಾರನ್ನು ಕೇಳಿ? ನಾನು ಆ ಬಾಯಿ ತೆರೆದ ಸ್ಪ್ಯಾನರನ್ನು ರಸ್ತೆಗೆ ಎಸೆದೆ. ಅದು ಜಲ್ಲಿಗೆ ತಾಗಿ ಎರಡು ತುಂಡಾಯಿತು. ಮುರಿದ ಜಾಗದಲ್ಲಿ ಹೊಳಪೇ ಇಲ್ಲ, ಬೂದಿಬಣ್ಣದ ಪುಡಿಪುಡಿ ಕಬ್ಬಿಣ.

“ನೋಡಿ, ಎಲ್ಲರೂ ನೋಡಿ. ಇದರ ಬಲ ಇಷ್ಟು. ನನ್ನ ಕೈಯ ಬಲದ ಮಾತು ಆಮೇಲೆ ಆಡಿ” ಎಂದೆ. ಯಾರೂ ನೋಡಲಿಲ್ಲ. ಹೆಂಗಸು ಸ್ಪ್ಯಾನರ್ ಎಸೆದಳು ಎಂಬುದಷ್ಟೇ ಊರಲ್ಲಿ ಸುದ್ದಿಯಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಪುಲ್ಪಳ್ಳಿಗೆ ಹೋದೆ. ಮೈದುನ ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಗುಂಬದ ಗುಂಡುಗಳನ್ನು ಹಿಡಿದಿಡುವ ಕೋನು ಬಿಗಿ ಮಾಡುತ್ತಿದ್ದ. ಕೈಯಲ್ಲಿದ್ದದ್ದು ನಮ್ಮ ಮನೆಯ ತೆಳ್ಳನೆಯ ಕೋನ್ ಸ್ಪ್ಯಾನರ್. ಅದರ ಹಿಡಿಗೆ ನನ್ನ ಗಂಡ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ್ದರು, ಅದೂ ಹಾಗೇ ಇತ್ತು.

“ನಮ್ಮ ಸಾಮಾನು ಕೊಡಪ್ಪ” ಎಂದೆ.

“ಅಣ್ಣ ಕೊಟ್ಟಿರೋದಲ್ವಾ ಅತ್ತಿಗೆ?”

“ಅಣ್ಣ ಹುಷಾರಿಲ್ಲದೆ ಮಲಗಿದ್ದಾಗ ಕೇಳಿ ತಂದೆ ನೀನು. ಅಂಗಡಿ ನಡೆಸ್ತಿರೋದು ನಾನು. ಅರ್ಧನಾದ್ರೂ ಕೊಡು.”

ಅವನು ಗಿರಾಕಿಯ ಕಡೆ ನೋಡಿ ನಕ್ಕ. “ಅಲ್ಲ ಅತ್ತಿಗೆ, ಹಾಲಿನೋನನ್ನ ಬೀಳಿಸಿದ್ರಂತಲ್ಲ. ಒಳ್ಳೆ ಸಾಮಾನು ಕೊಟ್ರೆ ಇನ್ನೇನು ಬಸ್ಸನ್ನೇ ಬೀಳಿಸ್ತೀರಾ?”

ಅಲ್ಲಿದ್ದವರೆಲ್ಲ ನಕ್ಕರು. ಅವನ ಕೈಯಿಂದ ಕಿತ್ತುಕೊಂಡು ಬರಬೇಕು ಅನ್ನಿಸಿತು. ಕಿತ್ತುಕೊಳ್ಳಬಹುದಿತ್ತು ಕೂಡ. ಆದರೆ ಆ ನಗುವವರ ಮಧ್ಯೆ ಒಂದು ಸ್ಪ್ಯಾನರಿಗಾಗಿ ಎಳೆದಾಡಿ, ಅದನ್ನೂ ಅವರಿಗೆ ನಗುವ ಸಂಗತಿ ಮಾಡಿಕೊಡಲು ನನಗೆ ಮನಸ್ಸಾಗಲಿಲ್ಲ.

“ಮಡಿಕ್ಕೊ” ಎಂದೆ. “ಇನ್ನು ನಮ್ಮ ಮನೆ ಹೊಸ್ತಿಲು ತುಳೀಬೇಡ.”

ಮನೆಯ ಹಿಂದೆ ನಾನೇ ನೆಟ್ಟು ಹಬ್ಬಿಸಿದ್ದ ಮೆಣಸಿನ ಬಳ್ಳಿಗಳಿದ್ದವು. ಆ ವರ್ಷದ ಮೆಣಸನ್ನು ಒಣಗಿಸಿ ಚೀಲಕ್ಕೆ ಕಟ್ಟಿಟ್ಟಿದ್ದೆ. ಆ ವಾರವೇ ಚೀಲ ಹೊತ್ತುಕೊಂಡು ಸುಲ್ತಾನ್ ಬತ್ತೇರಿಗೆ ಹೋದೆ. ಮೆಣಸು ಮಾರಿ, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯ ಯಜಮಾನ ನಮ್ಮ ಕಡೆಯವನೇ, ಮನೆಮಾತು ಕನ್ನಡ. ಅಷ್ಟರಮಟ್ಟಿಗೆ ಸಲೀಸು ಎಂದುಕೊಂಡಿದ್ದೆ.

“ಸೈಕಲ್ ರಿಪೇರಿ ಸ್ಪ್ಯಾನರ್ ಬೇಕು. ಒಳ್ಳೇದು.”

ಅವನು ತಿರುಗಿ ಕಪಾಟಿನಿಂದ ತೆಗೆದು ಮುಂದಿಟ್ಟದ್ದು ಅದೇ ತಗಡಿನ ಪೆಟ್ಟಿಗೆ! ಅದೇ ಥಳಥಳ, ಅದೇ ಬಟ್ಟೆಯ ಹಾಸು.

“ತಕ್ಕಳ್ಳಕ್ಕ. ಫುಲ್ ಸೆಟ್ಟು. ಮನೆ ಕೆಲ್ಸಕ್ಕೆ ಇದು ಧಾರಾಳ ಆಯ್ತದೆ.”

“ಮನೆ ಕೆಲ್ಸಕ್ಕಲ್ಲ, ಅಂಗಡಿಗೆ. ಇದು ಬೇಡ. ಬಡಿದು ಮಾಡಿದ್ದು ಕೊಡಿ, ಕಪ್ಪಗಿರ್ತಾವಲ್ಲ, ಅವು.”

“ಅವೆಲ್ಲ ಜೀಪು ರಿಪೇರಿಯವರು ತಕ್ಕೊಳ್ಳೋದು. ಯಜಮಾನ್ರನ್ನ ಕಳಿಸು ತಾಯಿ, ಅವ್ರಿಗೆ ತೋರಿಸ್ತೀನಿ. ನಿನಗೆ ಕೊಟ್ಟು ಆಮೇಲೆ ಅವ್ರು ಬಂದು ನನ್ನ ಜೊತೆ ಜಗಳ ಆಡೋದು ಯಾಕೆ?”

“ಯಜಮಾನ್ರು ಸೊಂಟ ಮುರ್ಕೊಂಡು ಕುಂತವ್ರೆ. ಅಂಗಡಿ ನಂದು. ತಕ್ಕೊಳ್ಳೋಳು ನಾನು.”

“ಹಂಗಾದ್ರೆ ಇದೇ ಸಾಕಲ್ಲಕ್ಕ” ಎಂದು ಅವನು ನಕ್ಕು, ಪೆಟ್ಟಿಗೆಯನ್ನು ಇನ್ನಷ್ಟು ನನ್ನ ಕಡೆ ತಳ್ಳಿದ. ಅವನು ಕೆಟ್ಟವನೇನಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿದ್ದು. ಕೆಟ್ಟತನದಿಂದ ಆಡಿದ್ದರೆ ಒಂದು ಮಾತು ಬೈದು ಬರುತ್ತಿದ್ದೆ. ಇವನು ನನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ.

ಅಂಗಡಿಯ ಜಗಲಿಯಲ್ಲಿ ಒಂದು ಸೈಕಲ್ ನಿಂತಿತ್ತು. “ಇದು ಯಾರದು?” ಎಂದು ಕೇಳಿದೆ.

“ನಂದೇ. ಯಾಕೆ?”

ನಾನು ಪೆಟ್ಟಿಗೆಯಿಂದ ಅಳತೆಯ ಸ್ಪ್ಯಾನರ್ ತೆಗೆದುಕೊಂಡು ಜಗಲಿಗಿಳಿದು, ಅವನ ಸೈಕಲ್ಲಿನ ಹಿಂಚಕ್ರದ ಮುಂದೆ ಕೂತೆ. ನಟ್ಟು ತುಕ್ಕು ಹಿಡಿದು ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ಎಳೆದೆ. ನಿರೀಕ್ಷೆ ಮಾಡಿದಂತೆಯೇ ಸರಕ್ಕನೆ ಜಾರಿತು. ಮತ್ತೆ ಹಾಕಿ ಎಳೆದೆ. ನಟ್ಟಿನ ಮೂಲೆ ಹಪ್ಪಳದ ಹಾಗೆ ಎದ್ದುಬಂತು.

“ಏಯ್ ಏಯ್! ನನ್ನ ಸೈಕಲ್ ಹಾಳು ಮಾಡ್ತಿದ್ದೀಯಲ್ಲಮ್ಮ!” ಅವನು ಗಲ್ಲಾ ಬಿಟ್ಟು ಓಡಿಬಂದ.

“ನಾನಲ್ಲ ಹಾಳು ಮಾಡ್ತಿರೋದು. ನಿಮ್ಮ ಸ್ಪ್ಯಾನರ್” ಎಂದೆ. ಕೈಯಿಂದ ರಕ್ತ ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನಿಮ್ಮ ಸೈಕಲ್ಲಿಗೆ ಇದು ಬೇಡ್ವಲ್ಲ? ಊರವರ ಸೈಕಲ್ಲಿಗೆ ಮಾತ್ರ ಇದು ಸಾಕಾ? ಇನ್ನೂ ಮೂಲೆ ಉಳ್ದವೆ, ಅವನ್ನೂ ತೆಗೀಲಾ?”

ಬಸ್ಸಿಗೆ ಕಾಯುತ್ತಿದ್ದವರು ಬಂದು ಸುತ್ತ ನಿಂತರು. ಅವನು ಒಳಗೆ ಹೋಗಿ, ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಕಪ್ಪು ಸ್ಪ್ಯಾನರ್ ತಂದು ನನ್ನ ಕೈಗೆ ತುರುಕಿದ. “ತಗಿಯಮ್ಮ, ತಗಿ, ಮೊದ್ಲು ಆ ನಟ್ಟು ತಗ್ದು ಬೇರೆ ಹಾಕು.”

ಉಳಿದ ಮೂಲೆಗಳಿಗೆ ಅದು ಕಚ್ಚಿಕೊಂಡಿತು. ಒಂದೇ ಎಳೆತಕ್ಕೆ ಕಿರ್ರೆಂದು ಸಡಿಲವಾಯಿತು. ಇನ್ನೊಂದು ಕಡೆಯದೂ ಹಾಗೆಯೇ. ಅವನ ಅಂಗಡಿಯದೇ ಹೊಸ ನಟ್ಟುಗಳನ್ನು ಹಾಕಿ ಬಿಗಿ ಮಾಡಿಕೊಟ್ಟೆ.

“ಕೈ ಪರ್ವಾಗಿಲ್ಲ, ಗಂಡಸಿನ ಹಂಗೇ ಅದೆ” ಎಂದ ಅವನು, ಸಮಾಧಾನ ಮಾಡುವಂತೆ.

“ಕೈ ಎರಡು ಸಲವೂ ಅದೇ” ಎಂದೆ.

ಒಳ್ಳೆಯ ಸಾಮಾನು ಪೂರ್ತಿ ಸೆಟ್ ಕೊಳ್ಳುವ ಶಕ್ತಿ ನನಗಿರಲಿಲ್ಲ. ಅವನ ಜಗಲಿಯಲ್ಲೇ ಕೂತು ಯೋಚಿಸಿದೆ. ಮೈಭಾರ ಬಿಟ್ಟು ಎಳೆಯಬೇಕಾದ್ದಕ್ಕೆ, ಜಾರಿದರೆ ಗಿರಾಕಿಯ ಜೀವಕ್ಕೇ ಬರುವಂಥದ್ದಕ್ಕೆ ಒಳ್ಳೆಯದೇ ಬೇಕು. ಹಾಗಾಗಿ ಚಕ್ರದ ನಟ್ಟಿನ ಸ್ಪ್ಯಾನರ್, ಬ್ರೇಕಿಗೆ ಹಿಡಿಯುವ ಚಿಕ್ಕದು, ಕೋನ್ ಸ್ಪ್ಯಾನರ್, ಕಡ್ಡಿಯ ಚಾವಿ ಇವನ್ನು ಒಳ್ಳೆಯದೇ ತೆಗೆದುಕೊಂಡೆ. ಇಕ್ಕಳ, ಸುತ್ತಿಗೆ, ಸ್ಕ್ರೂಡ್ರೈವರ್ ಪೆಟ್ಟಿಗೆಯವೇ ಇರಲಿ, ಅವು ಕೆಟ್ಟರೆ ಯಾರೂ ಬೀಳುವುದಿಲ್ಲ. ಪೂರ್ತಿ ಸೆಟ್ಟಿನ ಆಸೆ ತೋರಿಸಿ ಮೋಸ ಮಾಡುವ ಪೆಟ್ಟಿಗೆಗಿಂತ ಈ ನಾಲ್ಕು ಕಪ್ಪು ತುಂಡುಗಳೇ ಮೇಲು. ಎಣ್ಣೆಕಾಗದದಲ್ಲಿ ಕಟ್ಟಿಸಿಕೊಂಡು ಸೆರಗಿನೊಳಗೆ ಹಿಡಿದು ಬಸ್ಸು ಹತ್ತಿದೆ. ಕಾಡಿನ ರಸ್ತೆಯುದ್ದಕ್ಕೂ ತೊಡೆಯ ಮೇಲೆ ಅದರ ಭಾರ ಕೂತಿತ್ತು.

ಮನೆಗೆ ಬಂದು ಗಂಡನ ಮುಂದೆ ಬಿಚ್ಚಿಟ್ಟೆ. ಅವರು ಒಂದನ್ನು ಎತ್ತಿ, ಬಾಯಿಯೊಳಗೆ ಹೆಬ್ಬೆರಳಾಡಿಸಿ, ಮತ್ತೆ ಕೆಳಗಿಟ್ಟರು.

“ಒಳ್ಳೇವು” ಎಂದರು. ಆಮೇಲೆ, “ನನ್ನ ಒಂದು ಮಾತು ಕೇಳಬಾರ್ದಾಗಿತ್ತಾ?” ಎಂದರು.

“ತಮ್ಮನಿಗೆ ಕೊಡೋವಾಗ ನೀವು ನನ್ನ ಕೇಳಿದ್ರಾ?”

“ನೀನು ಇಷ್ಟು ಹಟ ಹಿಡೀತೀಯ ಅಂತ ಗೊತ್ತಿರ್ಲಿಲ್ಲ. ಒಂದೆರಡು ತಿಂಗ್ಳು ಆ ಪೆಟ್ಟಿಗೇಲಿ ಒದ್ದಾಡಿ ಬುಟ್ಟುಬುಡ್ತೀಯ ಅಂತ…” ಎಂದವರು ಅಲ್ಲಿಗೇ ನಿಲ್ಲಿಸಿದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಗಾಯದ ಕೈಯನ್ನು ಅವರ ಮುಖದ ಮುಂದೆ ಹಿಡಿದೆ.

“ಅಂದ್ರೆ ನಿಮಗೆ ಗೊತ್ತಿತ್ತು. ಅವು ಕೆಟ್ಟವು ಅಂತ ಗೊತ್ತಿದ್ದೇ ಸುಮ್ನಿದ್ರಿ. ನನ್ನ ಕೈ ಹರೀತಿರೋದನ್ನ ದಿನಾ ಬೆಂಚಿನ ಮೇಲೆ ಕುಂತು ನೋಡಿದ್ರಿ!”

“ಊರೋರೆಲ್ಲ ಬಂದು ನೋಡ್ತಾರೆ ಕನೆ” ಎಂದರು ಅವರು. “ಹೆಂಡ್ತಿ ನೆಲದ ಮೇಲೆ ಕುಂತು ನಟ್ಟು ಎಳೀತಾಳೆ, ಇವನು ದಿಂಬು ಹಾಕ್ಕೊಂಡು ಕುಂತವ್ನೆ ಅಂತಾರೆ. ಅದಕ್ಕಿಂತ ಅಂಗಡಿ ಮುಚ್ಚೋದೇ ವಾಸಿ ಅನ್ನಿಸ್ತು.”

ಮೈದುನನ ಮೇಲೆ, ಹಾಲಿನವನ ಮೇಲೆ, ಬತ್ತೇರಿಯ ಅಂಗಡಿಯವನ ಮೇಲೆ ಬಂದ ಸಿಟ್ಟೆಲ್ಲ ಒಟ್ಟಾದರೂ ಆ ಹೊತ್ತಿನ ಸಿಟ್ಟಿಗೆ ಸಮವಾಗಲಾರದು. ಅವರು ಅಳುತ್ತಿದ್ದರು. ಅಳುವವರನ್ನು ನೋಡಿದರೆ ಕರಗಬೇಕು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ. ನಾನು ಕರಗಲಿಲ್ಲ. ಅವರ ನಾಚಿಕೆಗೆ ಬೆಲೆ ತೆತ್ತದ್ದು ನನ್ನ ಬೆರಳು. ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡೆ, ಗಂಜಿ ಬಡಿಸಿ ತಂದು ಅವರ ಮುಂದೆ ಇಟ್ಟೆ, ಹೊರಗೆ ಹೋದೆ.

ಆ ಮಳೆಗಾಲ ಪೂರ್ತಿ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಅಂಗಡಿ ಮಾತ್ರ ಒಂದು ದಿನವೂ ಮುಚ್ಚಲಿಲ್ಲ. ಬಿಗಿ ಮಾಡಿದ್ದು ಬಿಗಿಯಾಗಿಯೇ ಇರುತ್ತದೆ ಎಂದು ಗೊತ್ತಾದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಹಾಲಿನವನೂ ಬಂದ. ಅವನ ಬ್ರೇಕ್ ಸರಿ ಮಾಡಿ ಕೊಟ್ಟೆ. “ಈಗ ನಿಮ್ಮ ಕೈ ಪಳಗ್ತು” ಎಂದ. ದುಡ್ಡು ಎಣಿಸಿಕೊಂಡೆ. ಮೈದುನ ನಮ್ಮ ಸಾಮಾನು ಕೊನೆಗೂ ವಾಪಸ್ ಕೊಡಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ನಾನು ಸೊಟ್ಟಗಾದ ಚಕ್ರವೊಂದರ ಕಡ್ಡಿಗಳನ್ನು ಎಳೆದು ನೇರ ಮಾಡುತ್ತಿದ್ದೆ. ಗಂಡ ಬೆಂಚಿನಿಂದಲೇ ಕೈ ಚಾಚಿದರು.

“ಚಕ್ರ ಇಲ್ಲಿ ಕೊಡು. ಕುಂತ್ಕೊಂಡು ಮಾಡೋ ಕೆಲ್ಸ ಅದು.”

ನಾನು ಕಡ್ಡಿಯ ಚಾವಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ. “ಜನ ನೋಡ್ತಾರಲ್ಲ?”

“ನೋಡ್ಲಿ.”

“ಹೆಂಡ್ತಿ ಹತ್ರ ಕೆಲ್ಸ ಮಾಡ್ತಾನೆ ಅಂತಾರೆ.”

“ಅನ್ಲಿ ಬುಡು. ಕೊಡು.”

ಕೊಟ್ಟೆ. ಕಡ್ಡಿಯ ಕೆಲಸದಲ್ಲಿ ಅವರಷ್ಟು ನಯ ನನಗೆ ಎಂದೂ ಬರಲಿಲ್ಲ. ಆವತ್ತಿನಿಂದ ಚಕ್ರ ಅವರ ಪಾಲಿಗೆ, ಉಳಿದದ್ದು ನನ್ನ ಪಾಲಿಗೆ. ಅವರು ಹೋಗುವ ತನಕ ಹಾಗೇ ನಡೆಯಿತು. ಚೆನ್ನಾಗಿಯೇ ಬಾಳಿದೆವು. ಆದರೆ ಆ ಪೆಟ್ಟಿಗೆಯ ತಿಂಗಳುಗಳನ್ನು ನಾನು ಅವರಿಗೆ ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಬಹಳ ವರ್ಷಗಳ ಮೇಲೆ, ಸೈಕಲ್ಲುಗಳೆಲ್ಲ ಹೋಗಿ ಬೈಕುಗಳು ಬಂದ ಕಾಲದಲ್ಲಿ, ಹೆಂಗಸರ ಸಭೆಯೊಂದಕ್ಕೆ ನನ್ನನ್ನು ಕರೆದರು. ಶಾಲು ಹೊದಿಸಿದರು. ನನ್ನ ಬಗ್ಗೆ ಮಾತಾಡಿದಾಕೆ ಮಲಯಾಳದಲ್ಲಿ ಮನೋಬಲ, ಮನೋಬಲ ಎಂದು ಎಷ್ಟು ಸಲ ಹೇಳಿದಳೋ. ಮೈಕು ನನ್ನ ಕೈಗೆ ಬಂದಾಗ ನಾನು ಹೇಳಿದೆ: ಮನೋಬಲದಿಂದ ನಟ್ಟು ಬಿಚ್ಚುವುದಿಲ್ಲ. ಹೆಂಗಸಿಗೆ ಕೆಟ್ಟ ಸಾಮಾನು ಕೊಟ್ಟು, ಅವಳು ಸೋತರೆ ಬಲವಿಲ್ಲ ಎನ್ನುತ್ತೀರಿ, ಗೆದ್ದರೆ ಮನೋಬಲ ಎನ್ನುತ್ತೀರಿ. ಎರಡೂ ಬೇಡ, ಒಳ್ಳೆಯ ಸ್ಪ್ಯಾನರ್ ಕೊಡಿ.

ಚಪ್ಪಾಳೆ ಚದುರಿದ ಹಾಗೆ ಬಿತ್ತು. ಮೈಕು ಹಿಂದಕ್ಕೆ ಇಸಿದುಕೊಂಡರು. ಊಟಕ್ಕೆ ಎದ್ದಾಗ ಬಾವಲಿ ಕಡೆಯ ಹಾಡಿಯ ಹೆಂಗಸೊಬ್ಬಳು ನನ್ನ ಪಕ್ಕ ಬಂದು ನಿಂತಳು. ನಡುವಯಸ್ಸಿನವಳು. ಕಾಡಿನವರ ಮಾತಿನ ಧಾಟಿಯ ಕನ್ನಡ. ಚೆಕ್‌ಪೋಸ್ಟಿನ ಹತ್ತಿರ ಪಂಚರ್ ಅಂಗಡಿ ಹಾಕುವ ಯೋಚನೆ ಮಾಡಿದ್ದಳು.

“ಎಲ್ಲಾನೂ ಒಟ್ಟಿಗೆ ತಕ್ಕೊಳ್ಳಕ್ಕೆ ಆಗಲ್ಲ ಅಕ್ಕ. ಮೊದ್ಲು ಯಾವುದು ಒಳ್ಳೇದು ತಕ್ಕೊಳ್ಳಲಿ?”

ತಟ್ಟೆ ಕೆಳಗಿಟ್ಟು ಅವಳಿಗೆ ಹೇಳಿದೆ. ಯಾವುದು ಒಳ್ಳೆಯದೇ ಬೇಕು, ಯಾವುದು ಸಾಧಾರಣದ್ದಾದರೂ ನಡೆಯುತ್ತದೆ, ಕೊಳ್ಳುವ ಮುಂಚೆ ಬಾಯಿಯ ಒಳಗೆ ಹೇಗೆ ಬೆರಳಾಡಿಸಿ ನೋಡಬೇಕು ಎಲ್ಲ. ಅವಳು ತನ್ನ ಹೆಬ್ಬೆರಳನ್ನು ಗಾಳಿಯಲ್ಲಿ ಆಡಿಸಿ ಮನನ ಮಾಡಿಕೊಂಡಳು.

“ಯಜಮಾನನ್ನ ಕರ್ಕೊಂಡು ಬಾ ಅಂತ ಅಂಗಡಿಯವ್ರು ಅಂದ್ರೆ?” ಎಂದು ಕೇಳಿದಳು.

“ಅಂಗಡಿ ಮುಂದೆ ಅವರದೇ ಗಾಡಿ ನಿಂತಿರ್ತದೆ, ಅದರ ನಟ್ಟು ನೋಡು” ಎಂದೆ.